ಖಿನ್ನತೆಗೆ ಹೋಮಿಯೋಪತಿ: ಬಿಳಿ ಗುಳಿಗೆ ತಗೊಳ್ಳಿ, ಇರೋ ಗುಳಿಗೆ ಬಿಡಬೇಡಿ

ನಮ್ಮ ಕಡೆ ಯಾರೂ ‘ನನಗೆ ಖಿನ್ನತೆ’ ಅನ್ನುವುದಿಲ್ಲ. ‘ಯಾಕೋ ಬ್ಯಾಸರ’, ‘ತಲಿ ಭಾರ’, ‘ಎದಿ ಡವಡವ ಅಂತೈತಿ’, ‘ಊಟ ಸೇರವಲ್ದು’ ಅನ್ನುತ್ತಾರೆ. ಅದಕ್ಕೇ ಬಾಗಲಕೋಟೆ ಕಡೆ ಮನಸ್ಸು ಕುಗ್ಗಿದವರು ಮೊದಲು ಹೋಗುವುದು ಮನೋವೈದ್ಯರ ಹತ್ತಿರ ಅಲ್ಲ. ಗ್ಯಾಸಿನ ಗುಳಿಗೆ ಕೇಳಿಕೊಂಡು ಔಷಧಿ ಅಂಗಡಿಗೆ, ಆಮೇಲೆ ದೇವರಿಗೆ, ಆಮೇಲೆ ಯಾರೋ ಹೇಳಿದ ಹೋಮಿಯೋಪತಿಗೆ. ನಾನೂ ಅದೇ ದಾರಿಯಲ್ಲಿ ಹೋದವನು, ನಡುವೆ ಒಂದು ಕಡೆ ಜೋರಾಗಿ ಎಡವಿದವನು. ಹೋಮಿಯೋಪತಿ ಬೈಯಲು ಇದನ್ನು ಬರೆಯುತ್ತಿಲ್ಲ, ಹೊಗಳಲೂ ಅಲ್ಲ. ಹೋಗುವವರು ಹೇಗೂ ಹೋಗುತ್ತೀರಿ, ಹೋಗುವಾಗ ಎಲ್ಲಿ ಹುಷಾರಾಗಿರಬೇಕು ಅಂತ ಹೇಳೋಣ ಅಂತ ಅಷ್ಟೇ.

ನಾನು ಎಡವಿದ್ದು ಎಲ್ಲಿ

ಅವ್ವ ತೀರಿಕೊಂಡ ವರ್ಷ ನನಗೆ ಶುರುವಾಯಿತು. ಮನೋವೈದ್ಯರು ಎಸ್ಸಿಟಾಲೋಪ್ರಾಂ ಅನ್ನುವ ಖಿನ್ನತೆಯ ಗುಳಿಗೆ 10 ಮಿಲಿಗ್ರಾಂ ಬರೆದರು. ಎರಡು ತಿಂಗಳಲ್ಲಿ ನಿದ್ದೆ ಬಂತು, ಬ್ಯಾಂಕಿನ ಕೆಲಸಕ್ಕೆ ಮರಳಿದೆ. ಆಗ ಗುಳೇದಗುಡ್ಡದ ನಮ್ಮ ಸೋದರಮಾವ, ‘ಅಳಿಯಾ, ಇನ್ನೂ ಆ ಗುಳಿಗಿ ನುಂಗಾಕತ್ತೀಯೇನು? ಚಟಾ ಹತ್ತತೈತಿ ನೋಡು’ ಅಂತ ಹೇಳಿ ಒಂದು ಹೋಮಿಯೋಪತಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಯಾವ ಊರು, ಯಾವ ಕ್ಲಿನಿಕ್ಕು ಅನ್ನುವುದು ಬೇಡ. ಅಲ್ಲಿದ್ದವರು ಐದು ನಿಮಿಷ ಮಾತಾಡಿ, ‘ಇಂಗ್ಲಿಷ್ ಗುಳಿಗಿ ಬಿಟ್ಟರನ ಇದು ಕೆಲಸ ಮಾಡತೈತಿ’ ಅಂದು, ಹೆಸರಿಲ್ಲದ ಪುಡಿಯ ಪೊಟ್ಟಣ ಕೊಟ್ಟರು. ಅವತ್ತೇ ಬಿಟ್ಟೆ.

ನಾಲ್ಕನೇ ದಿನ ಬಸ್ಸಿನಲ್ಲಿ ಕೂತಿದ್ದೆ. ಕಿಟಕಿ ಕಡೆ ಕತ್ತು ತಿರುಗಿಸಿದೆ ನೋಡಿ, ತಲೆಯೊಳಗೆ ಜುಮ್ ಅಂತ ಕರೆಂಟು ಹೊಡೆದ ಹಾಗೆ ಆಯಿತು. ಮತ್ತೆ ತಿರುಗಿಸಿದೆ, ಮತ್ತೆ ಜುಮ್. ಇಳಿಯುವಾಗ ಕಾಲ ಕೆಳಗಿನ ಮೆಟ್ಟಿಲು ತೇಲಿದಂತಿತ್ತು. ರಾತ್ರಿ ಕೆಟ್ಟ ಕೆಟ್ಟ ಕನಸು, ಬೆಳಿಗ್ಗೆ ಸುಮ್ನೆ ಸಿಟ್ಟು, ಹೆಂಡತಿ ಚಹಾ ಇಟ್ಟರೂ ಸಿಟ್ಟು. ಫೋನ್ ಮಾಡಿದರೆ ಕ್ಲಿನಿಕ್ಕಿನವರು ಹೇಳಿದ್ದು: ‘ಛಲೋ ಆತು. ಔಷಧ ಹತ್ತಾಕತ್ತೈತಿ. ಮೊದಲ ಹೆಚ್ಚಾಗಿ ಆಮೇಲೆ ಕಡಿಮಿ ಆಗತೈತಿ.’

ಇಡೀ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಖಿನ್ನತೆಯ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ಈ ಕರೆಂಟಿನ ಅನುಭವ, ಸಿಟ್ಟು, ವಾಕರಿಕೆ, ನಿದ್ದೆಗೇಡು ಬರಬಹುದು. ಹೋಮಿಯೋಪತಿಯಲ್ಲೋ ‘ಮೊದಲು ಉಲ್ಬಣ ಆಗಿ ಆಮೇಲೆ ವಾಸಿ’ ಅನ್ನುವ ನಂಬಿಕೆ ಮೊದಲಿನಿಂದ ಇದೆ. ಎರಡೂ ಒಂದೇ ವಾರ ಕೂಡಿದರೆ ಗುಳಿಗೆ ಬಿಟ್ಟ ತೊಂದರೆಯನ್ನೇ ನೀವು ಗುಣವಾಗುವ ಲಕ್ಷಣ ಅಂದುಕೊಳ್ಳುತ್ತೀರಿ. ನಾನು ಆರು ವಾರ ಹಾಗೇ ಅಂದುಕೊಂಡೆ. ಅಷ್ಟರಲ್ಲಿ ಹಳೆಯ ಕಾಯಿಲೆ ಬಡ್ಡಿ ಸಮೇತ ವಾಪಸ್ ಬಂದಿತ್ತು.

ಮೊದಲು ಏನಾಗಿದೆ ಅಂತ ಗೊತ್ತು ಮಾಡಿಕೊಳ್ಳಿ

ಎರಡು ವಾರ ಬಿಡದೆ ಬೇಸರ, ಯಾವುದರಲ್ಲೂ ಆಸೆ ಇಲ್ಲ, ನಿದ್ದೆ ಊಟ ಏರುಪೇರು, ಮೈಯಲ್ಲಿ ಕಸುವಿಲ್ಲ, ‘ನಾ ಯಾತಕ್ಕೂ ಬಾರದಾಂವ’ ಅನ್ನುವ ಯೋಚನೆ ಇದ್ದರೆ ಡಾಕ್ಟರಿಗೆ ತೋರಿಸಿ. ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಗಳ ಒಂದು ಹಾಳೆ ಇದೆ. ಹಿಂದಿನ ಎರಡು ವಾರ ಹೇಗಿತ್ತು ಅಂತ ನೋಡಿ ಒಂದೊಂದಕ್ಕೆ 0ಯಿಂದ 3ರವರೆಗೆ ಅಂಕ ಹಾಕಬೇಕು, ಒಟ್ಟು 27. ಹತ್ತು ಮುಟ್ಟಿದರೆ ಮನೆಯಲ್ಲಿ ಕೂರಬೇಡಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದರಲ್ಲಿ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡುವ ಅಗತ್ಯವೇ ಇಲ್ಲ, ಅವತ್ತೇ ಹೊರಡಿ.

ರಕ್ತ ಪರೀಕ್ಷೆಯನ್ನೂ ಕೇಳಿ: ಥೈರಾಯ್ಡ್, ಹಿಮೋಗ್ಲೋಬಿನ್, ಬಿ12. ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಹೀಗೇ ಮಂಕಾಗುತ್ತಾನೆ. ಅದಕ್ಕೆ ಬೇರೆಯೇ ಔಷಧ.

ಎಲ್ಲಿಗೆ ಹೋಗುವುದು? ಬಾಗಲಕೋಟೆಯವರಿಗೆ ನವನಗರದ ಜಿಲ್ಲಾ ಆಸ್ಪತ್ರೆ ಇದೆ. ವಿಜಯಪುರದವರಿಗೆ ಅಲ್ಲಿಯ ಜಿಲ್ಲಾ ಆಸ್ಪತ್ರೆ, ಬೆಳಗಾವಿಯವರಿಗೆ ಬಿಮ್ಸ್ ಆಸ್ಪತ್ರೆ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ‘ಮನೋಚೈತನ್ಯ’ ಅನ್ನುವ ಸರ್ಕಾರಿ ಕಾರ್ಯಕ್ರಮವೂ ಇದೆ, ಆದರೆ ಸುಮ್ನೆ ಬಸ್ ಹತ್ತಬೇಡಿ, ಈ ವಾರ ಬರುತ್ತಾರಾ ಅಂತ ಮೊದಲು ವಿಚಾರಿಸಿ. ಕಾಯಿಲೆ ಜಟಿಲವಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ಎಲ್ಲೂ ಹೋಗಲು ಕಾಲು ಬರುತ್ತಿಲ್ಲವಾ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ.

ಇವರು ಹೋಮಿಯೋಪತಿಗೆ ಹೋಗಲೇಬಾರದು (ಸದ್ಯಕ್ಕೆ)

ಸಾಯುವ ಯೋಚನೆ ಇರುವವರು. ಊಟ ನೀರು ಬಿಟ್ಟವರು. ಯಾರೂ ಇಲ್ಲದಾಗ ದನಿ ಕೇಳಿಸುವವರು. ಹಿಂದೆ ಯಾವಾಗಲಾದರೂ ವಾರಗಟ್ಟಲೆ ನಿದ್ದೆಯಿಲ್ಲದೆ ಮಿತಿಮೀರಿದ ಹುರುಪು, ಸಿಕ್ಕಾಪಟ್ಟೆ ಖರ್ಚು, ನಿಲ್ಲದ ಮಾತು ಬಂದಿದ್ದವರು, ಅಂದರೆ ಬೈಪೋಲಾರ್ ಇರುವವರು. ಬಾಣಂತನದಲ್ಲಿ ಮನಸ್ಸು ಕೆಟ್ಟವರು. ಇವರಿಗೆಲ್ಲ ಒಂದೊಂದು ದಿನವೂ ಮುಖ್ಯ. ‘ಒಂದು ತಿಂಗಳು ಇದನ್ನ ನೋಡೋಣ’ ಅನ್ನುವಷ್ಟು ಸಮಯ ಇಲ್ಲ.

ಇನ್ನೊಂದು ಮಾತು, ಹೇಳಲು ಮುಜುಗರ ಬೇಡ. ಹೊಲ ಇರುವ ಮನೆಗಳಲ್ಲಿ ಕಬ್ಬಿಗೋ ದ್ರಾಕ್ಷಿಗೋ ಹೊಡೆಯುವ ಕೀಟನಾಶಕದ ಎಣ್ಣೆ ಡಬ್ಬಿ ಕೈಗೆ ಸಿಗುವ ಹಾಗೆ ಇಟ್ಟಿರುತ್ತಾರೆ. ಮನೆಯಲ್ಲಿ ಯಾರಾದರೂ ತೀರಾ ಕುಗ್ಗಿದ್ದರೆ ಅದನ್ನು ಬೀಗ ಹಾಕಿ ಇಡಿ, ಇಲ್ಲ ಬೇರೆ ಮನೆಗೆ ಕಳಿಸಿ, ಕೀಲಿ ಇನ್ನೊಬ್ಬರ ಹತ್ತಿರ ಇರಲಿ. ಗುಳಿಗೆಗಳೂ ಅಷ್ಟೇ, ವಾರಕ್ಕೆ ಬೇಕಾದಷ್ಟು ಮಾತ್ರ ಕೈಗೆ ಕೊಡಿ.

ಬಿಳಿ ಗುಳಿಗೆಯೊಳಗೆ ಏನಿರುತ್ತದೆ

ತಗೊಳ್ಳುವುದು ಏನು ಅಂತ ತಿಳಿದು ತಗೊಳ್ಳಿ. ಜರ್ಮನಿಯ ಸಾಮುಯೆಲ್ ಹಾನೆಮನ್ 1796ರಲ್ಲಿ ಶುರು ಮಾಡಿದ ಪದ್ಧತಿ ಇದು. ಯಾವ ವಸ್ತು ಒಂದು ತೊಂದರೆ ತರುತ್ತದೋ ಅದನ್ನೇ ತೀರಾ ತೆಳು ಮಾಡಿ ಕೊಟ್ಟರೆ ಆ ತೊಂದರೆ ಹೋಗುತ್ತದೆ ಅನ್ನುವುದು ಲೆಕ್ಕ. ಒಂದು ಪಾಲು ಔಷಧಕ್ಕೆ 99 ಪಾಲು ನೀರು ಅಥವಾ ಸ್ಪಿರಿಟ್ ಬೆರೆಸಿ ಕುಲುಕುತ್ತಾರೆ, ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99. ಹೀಗೆ 30 ಸಲ ಮಾಡಿದರೆ ‘30 ಪೊಟೆನ್ಸಿ’, 200 ಸಲ ಮಾಡಿದರೆ ‘200’. ಆಮೇಲೆ ಅದನ್ನು ಸಕ್ಕರೆ ಗುಳಿಗೆಗೆ ಹನಿಸುತ್ತಾರೆ.

ನವನಗರ ಹುಟ್ಟಿದ್ದೇ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಿಂದ, ಹಾಗಾಗಿ ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. ಆಲಮಟ್ಟಿ ತುಂಬಿದಾಗ 123 ಟಿಎಂಸಿ ನೀರು. ಅಷ್ಟೂ ನೀರಿಗೆ ಒಂದೇ ಒಂದು ಹನಿ ಹಾಕಿ ಕಲಸಿದರೆ ಎಷ್ಟು ತೆಳುವಾಗುತ್ತದೋ ಅದು 8ನೇ ಪೊಟೆನ್ಸಿಯ ಸುತ್ತಮುತ್ತ ಬರುತ್ತದೆ. 12 ದಾಟಿದರೆ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಸಂಭವ ಇಲ್ಲ. ನಿಮಗೆ ಕೊಡುವುದು 30, 200. ಅಂದರೆ ಆ ಬಾಟಲಿಯಲ್ಲಿ ಇರುವುದು ಸಕ್ಕರೆ.

ಪ್ರಯೋಗಗಳು ಏನು ಹೇಳುತ್ತವೆ? ಆಸ್ಟ್ರೇಲಿಯಾದ ಸರ್ಕಾರಿ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ 176 ಅಧ್ಯಯನ ಜಾಲಾಡಿ, ಹೋಮಿಯೋಪತಿ ಕೆಲಸ ಮಾಡುತ್ತದೆ ಅನ್ನಲು ನಂಬುವಂಥ ಪುರಾವೆ ಯಾವ ಕಾಯಿಲೆಗೂ ಇಲ್ಲ ಅಂತ ಹೇಳಿತು. ಖಿನ್ನತೆಯ ಮೇಲೇ ಜರ್ಮನಿಯಲ್ಲಿ ಒಂದು ಪ್ರಯೋಗ ನಡೆದು 2013ರಲ್ಲಿ ಪ್ರಕಟವಾಯಿತು. 228 ಜನ ಬೇಕಿತ್ತು, ಸಿಕ್ಕಿದ್ದು 44 ಜನ, ಯಾವುದೂ ಇತ್ಯರ್ಥವಾಗಲಿಲ್ಲ. ಹಾಗಾಗಿ ಖಿನ್ನತೆಗೆ ಇದು ಮದ್ದು ಅಂತ ಯಾರಾದರೂ ಗ್ಯಾರಂಟಿ ಕೊಟ್ಟರೆ ಎದ್ದು ಬನ್ನಿ.

ಮತ್ತೆ ಜನಕ್ಕೆ ಹಗುರ ಆಗುವುದು ಹೇಗೆ?

ಆಗುತ್ತದೆ, ಸುಳ್ಳಲ್ಲ. ನನಗೂ ಆಯಿತು. ಮನೋವೈದ್ಯರ ಹತ್ತಿರ ವಾಪಸ್ ಹೋದಾಗ ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಗುಳಿಗೆ ಮತ್ತೆ ಶುರು ಮಾಡಿದರು. ‘ಹೋಮಿಯೋಪತಿನೂ ತಗೋಬೇಕ್ರಿ ಅನಸಿದ್ರ ತಗೋರಿ, ಆದ್ರ ನನಗ ಹೇಳಿ ತಗೋರಿ’ ಅಂದರು. ಹೀಗಾಗಿ ಈ ಸಲ ಬೇರೊಬ್ಬರ ಹತ್ತಿರ ಹೋದೆ, ಹೋಮಿಯೋಪತಿಯ ಪದವಿ ಬಿಎಚ್‌ಎಂಎಸ್ ಓದಿದ ಡಾಕ್ಟರಮ್ಮ. ಅವರು ಕೇಳಿದ ಮೊದಲ ಪ್ರಶ್ನೆಯೇ ಈಗ ಯಾವ ಗುಳಿಗೆ ನಡೆದಿದೆ ಅಂತ. ‘ಅದನ್ನ ಬಿಡಬ್ಯಾಡ್ರಿ’ ಅಂದು, ಆಮೇಲೆ ಒಂದು ತಾಸು ಕೂತು ಕೇಳಿದರು. ಯಾವ ಮಗ್ಗುಲಲ್ಲಿ ಮಲಗುತ್ತೀರಿ, ಬಿಸಿಲು ಸೇರುತ್ತದಾ, ಅಳು ಬಂದರೆ ಜನರ ಮುಂದೆ ಅಳುತ್ತೀರಾ ಇಲ್ಲ ಒಬ್ಬರೇನಾ, ಉಪ್ಪು ಜಾಸ್ತಿ ಬೇಕಾ. ಒಬ್ಬನೇ ಅಳುತ್ತೇನೆ, ಉಪ್ಪು ಬೇಕು ಅಂದೆ. ನ್ಯಾಟ್ರಂ ಮ್ಯೂರ್ ಬರೆದರು. ನ್ಯಾಟ್ರಂ ಮ್ಯೂರ್ ಅಂದರೆ ಅಡುಗೆ ಉಪ್ಪೇ, ಆಮೇಲೆ ಗೊತ್ತಾಯಿತು. (ರೊಟ್ಟಿ ಜೊತೆ ಕೆಂಪು ಖಾರ, ಉಪ್ಪಿನಕಾಯಿ ಇಲ್ಲದೆ ಊಟಕ್ಕೇ ಕೂರದ ನಮ್ಮ ಜಿಲ್ಲೆಯಲ್ಲಿ ಉಪ್ಪು ಬೇಡ ಅನ್ನುವವರು ಯಾರಿದ್ದಾರೆ ಹೇಳಿ.)

ಆದರೆ ಆ ತಾಸಿನಲ್ಲಿ ಅವರು ಅವ್ವನ ಬಗ್ಗೆ ಕೇಳಿದ್ದರು. ಅವ್ವ ಏನು ಅಡುಗೆ ಮಾಡುತ್ತಿದ್ದಳು, ಕೊನೆಯ ದಿನ ನೀವು ಎಲ್ಲಿದ್ದಿರಿ ಅಂತ. ತಿಥಿಯ ದಿನಗಳು ಮುಗಿದ ಮೇಲೆ ಮನೆಯಲ್ಲೂ ಯಾರೂ ಅದನ್ನು ಕೇಳಿರಲಿಲ್ಲ. ಹೊರಗೆ ಬಂದಾಗ ಗುಳಿಗೆ ಇನ್ನೂ ಬಾಯಿಗೆ ಹಾಕಿರಲಿಲ್ಲ, ಆಗಲೇ ಎದೆ ಹಗುರವಾಗಿತ್ತು.

ಇದು ನನ್ನೊಬ್ಬನ ಕಥೆ ಅಲ್ಲ. ಇಂಗ್ಲೆಂಡಿನಲ್ಲಿ ಸಂಧಿವಾತದ 83 ರೋಗಿಗಳ ಮೇಲೆ ನಡೆದ ಒಂದು ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಕೆಲವರಿಗೆ ಹೋಮಿಯೋಪತಿ ವೈದ್ಯರ ದೀರ್ಘ ಮಾತುಕತೆ ಸಿಕ್ಕಿತು, ಕೆಲವರಿಗೆ ಇಲ್ಲ. ಕೆಲವರಿಗೆ ನಿಜವಾದ ಗುಳಿಗೆ, ಕೆಲವರಿಗೆ ಬರೀ ಸಕ್ಕರೆ. ಉಪಯೋಗ ಕಂಡದ್ದು ಮಾತುಕತೆಯಿಂದ, ಗುಳಿಗೆಯಿಂದ ಅಲ್ಲ. ಮಾತಿನ ಬಲ ಇನ್ನೂ ಚೆನ್ನಾಗಿ ಕಂಡದ್ದು ನಮ್ಮ ಪಕ್ಕದ ಗೋವಾದಲ್ಲಿ. ಖಿನ್ನತೆ ಜೋರಾಗಿದ್ದ 495 ಜನರನ್ನು ತಗೊಂಡು, ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆಯ ಜೊತೆ ಆರೆಂಟು ಸಲ ಕೂತು ಮಾತಾಡುವ, ದಿನದ ಕೆಲಸಗಳನ್ನು ಸ್ವಲ್ಪ ಸ್ವಲ್ಪವೇ ಮತ್ತೆ ಶುರು ಮಾಡಿಸುವ ಆಪ್ತಸಮಾಲೋಚನೆ ಕೊಟ್ಟರು. ಕೊಟ್ಟವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳಲ್ಲಿ ಅವರಲ್ಲಿ ನೂರಕ್ಕೆ 64 ಜನ ಚೇತರಿಸಿಕೊಂಡರು, ಅದು ಸಿಗದವರಲ್ಲಿ 39. ಇಷ್ಟು ಉಪಯೋಗ ಇರುವ ಮಾತನ್ನು ಬಿಟ್ಟು ಬರೀ ಗುಳಿಗೆ ಬಾಟಲಿ ತರುವುದರಲ್ಲಿ ಏನಿದೆ? ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರು ಇದ್ದಾರಾ ಅಂತ ಕೇಳಿಯೇ ಬನ್ನಿ.

ಹೋಗುವುದಾದರೆ ಹೀಗೆ ಹೋಗಿ

ಬಿಎಚ್‌ಎಂಎಸ್ ಪದವಿ ಇದೆಯಾ, ರಾಜ್ಯದ ಹೋಮಿಯೋಪತಿ ಮಂಡಳಿಯ ನೋಂದಣಿ ಸಂಖ್ಯೆ ಇದೆಯಾ ನೋಡಿ. ಖಾಸಗಿ ಕ್ಲಿನಿಕ್ಕುಗಳು ಮಾಡಿಸಬೇಕಾದ ಕೆಪಿಎಂಇ ನೋಂದಣಿ ಪತ್ರ ಗೋಡೆ ಮೇಲೆ ಇರಬೇಕು. ಕೇಳಲು ಸಂಕೋಚ ಆದರೆ ಬೋರ್ಡಿನ ಫೋಟೋ ತೆಗೆದುಕೊಂಡು ಬಂದು ಮನೆಯಲ್ಲಿ ನಿಧಾನಕ್ಕೆ ನೋಡಿ. ಮನೋವೈದ್ಯರ ಚೀಟಿ ತಗೊಂಡೇ ಹೋಗಿ, ‘ಇದನ್ನು ಬಿಡುವುದಿಲ್ಲ’ ಅಂತ ಮೊದಲೇ ಹೇಳಿ. ಅದಕ್ಕೆ ಮುಖ ಸಿಂಡರಿಸಿದರೆ ಅವರು ನಿಮಗಲ್ಲ. ಔಷಧದ ಹೆಸರು, ಪೊಟೆನ್ಸಿ ಬರೆದುಕೊಡಿ ಅನ್ನಿ. ಹೆಸರಿಲ್ಲದ ಪೊಟ್ಟಣ ಬೇಡ, ಒಳಗೆ ಏನಿದೆ ಅಂತ ನಿಮಗೂ ಗೊತ್ತಿರುವುದಿಲ್ಲ, ನಾಳೆ ಏನಾದರೂ ಆದರೆ ಆಸ್ಪತ್ರೆಯವರಿಗೂ ಗೊತ್ತಾಗುವುದಿಲ್ಲ. ಆರು ತಿಂಗಳ ಪ್ಯಾಕೇಜ್ ಅಂತ ಮುಂಗಡ ದುಡ್ಡು ಕೇಳುವ ಕಡೆಯಂತೂ ಚಪ್ಪಲಿ ಬಿಡುವ ಮೊದಲೇ ವಾಪಸ್ ಬನ್ನಿ.

ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕಾಫಿ, ಕರ್ಪೂರ ಬಿಡಿ ಅನ್ನುತ್ತಾರೆ. ಬಿಟ್ಟರೆ ನಷ್ಟ ಇಲ್ಲ, ಆದರೆ ಊಟವೇ ಸೇರದ ಮನುಷ್ಯನಿಗೆ ಉಳ್ಳಾಗಡ್ಡಿ ಇಲ್ಲದ ರೊಟ್ಟಿ ಕೊಟ್ಟು ಇದ್ದ ಎರಡು ತುತ್ತನ್ನೂ ತಪ್ಪಿಸಬೇಡಿ.

‘ಕ್ಯೂ’ ಅಂತ ಬರೆದಿದ್ದರೆ ಎಚ್ಚರ

ಬಾಟಲಿ ಮೇಲೆ ಸಂಖ್ಯೆಯ ಬದಲು ‘ಕ್ಯೂ’ ಅಂತ ಇದ್ದರೆ ಅದು ಮದರ್ ಟಿಂಕ್ಚರ್. ಅದು ತೆಳು ಮಾಡಿದ್ದಲ್ಲ, ಗಿಡದ ಸತ್ವವೇ ಇರುತ್ತದೆ. ಹೋಮಿಯೋಪತಿಗೆ ಅಡ್ಡ ಪರಿಣಾಮ ಇಲ್ಲ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹೈಪೆರಿಕಂ ಅನ್ನುವ ಗಿಡವನ್ನು ಖಿನ್ನತೆಗೂ ಬಳಸುತ್ತಾರೆ. ಎಸ್ಸಿಟಾಲೋಪ್ರಾಂ, ಸರ್ಟ್ರಾಲಿನ್, ಫ್ಲೂಆಕ್ಸೆಟಿನ್ ತರದ ಗುಳಿಗೆಗಳ ಜೊತೆ ಅದರ ಸತ್ವ ಸೇರಿದರೆ ಮೆದುಳಿನಲ್ಲಿ ಸೆರೊಟೋನಿನ್ ವಿಪರೀತವಾಗಿ ನಡುಕ, ಜ್ವರ, ಗೊಂದಲ, ಎದೆಬಡಿತ ಬರಬಹುದು. ಗರ್ಭನಿರೋಧಕ ಗುಳಿಗೆಯ ಬಲವನ್ನೂ, ರಕ್ತ ತೆಳು ಮಾಡುವ ವಾರ್ಫರಿನ್‌ನ ಬಲವನ್ನೂ ಅದು ಕುಗ್ಗಿಸುತ್ತದೆ. ರಾವೋಲ್ಫಿಯಾ ಅಂತ ಇನ್ನೊಂದಿದೆ, ನಮ್ಮ ಸರ್ಪಗಂಧಿಯೇ, ಬಿಪಿಗೆ ಅಂತ ಕೊಡುತ್ತಾರೆ. ಅದರಲ್ಲಿರುವ ರೆಸರ್ಪಿನ್ ಅನ್ನು ಖಿನ್ನತೆ ಇರುವವರಿಗೆ ಕೊಡಬಾರದು ಅಂತ ಔಷಧದ ಎಚ್ಚರಿಕೆಯಲ್ಲೇ ಇದೆ. ಮತ್ತೆ ಟಿಂಕ್ಚರ್ ಅಂದಮೇಲೆ ಸ್ಪಿರಿಟ್ ಇದ್ದೇ ಇರುತ್ತದೆ. ಕುಡಿತ ಬಿಡಲು ಡೈಸಲ್ಫಿರಾಂ ತಗೊಳ್ಳುತ್ತಿರುವವರು ಹನಿ ಔಷಧ ಮುಟ್ಟಲೇಬೇಡಿ.

ಲೆಕ್ಕ ಬರೆದಿಡಿ

ಬ್ಯಾಂಕಿನವನು ನಾನು, ಲೆಕ್ಕ ಇಲ್ಲದೆ ನಂಬುವುದಿಲ್ಲ. ಕ್ಯಾಲೆಂಡರಿನ ಚೌಕದಲ್ಲಿ ದಿನಾ ರಾತ್ರಿ ಮೂರೇ ಮೂರು ಬರೆಯುತ್ತಿದ್ದೆ: ಮನಸ್ಸಿಗೆ ಹತ್ತಕ್ಕೆ ಎಷ್ಟು, ಎಷ್ಟು ತಾಸು ನಿದ್ದೆ, ಹೊರಗೆ ಕಾಲಿಟ್ಟೆನಾ ಇಲ್ಲವಾ. ಎರಡು ವಾರಕ್ಕೊಮ್ಮೆ ಆ ಒಂಬತ್ತು ಪ್ರಶ್ನೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಖಿನ್ನತೆಯ ಗುಳಿಗೆ ಹತ್ತಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ಬೇಕು. ಮೊದಲ ವಾರ ವಾಕರಿಕೆ, ತಲೆನೋವು ಬಿಟ್ಟರೆ ಏನೂ ಕಾಣುವುದಿಲ್ಲ. ಬೇಸತ್ತು ಮೂರನೇ ವಾರ ಬಿಳಿ ಗುಳಿಗೆ ಶುರು ಮಾಡುತ್ತೀರಿ, ನಾಲ್ಕನೇ ವಾರ ಹಗುರವಾಗುತ್ತದೆ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಹೆಸರು ಮಾತ್ರ ಕಾಗೆಗೆ. ನಮ್ಮ ಮಾವ ಇವತ್ತಿಗೂ ‘ನನ್ನ ಅಳಿಯನನ್ನು ಗುಣ ಮಾಡಿದ್ದು ಹೋಮಿಯೋಪತಿ’ ಅಂತಲೇ ಗುಳೇದಗುಡ್ಡದಲ್ಲಿ ಹೇಳಿಕೊಂಡು ತಿರುಗುತ್ತಾರೆ. ಜಗಳ ಆಡಿ ಆಡಿ ನಾನು ಸುಮ್ಮನಾಗಿದ್ದೇನೆ.

ಅಂಕ ಇಳಿಯುವ ಬದಲು ಏರುತ್ತಿದ್ದರೆ ಯಾರು ‘ಉಲ್ಬಣ’ ಅಂದರೂ ಕೇಳಬೇಡಿ, ಕ್ಯಾಲೆಂಡರ್ ಹಿಡಿದುಕೊಂಡು ಮನೋವೈದ್ಯರ ಹತ್ತಿರ ಹೋಗಿ.

ಚಟದ ಮಾತು, ಬಿಡುವ ಮಾತು

ಮಾವ ಹೇಳಿದ ‘ಚಟ’ ಪೂರ್ತಿ ಸುಳ್ಳಲ್ಲ, ಆದರೆ ಚಟ ಹತ್ತಿಸುವ ಗುಳಿಗೆ ಬೇರೆ. ಆಲ್ಪ್ರಜೋಲಾಂ, ಕ್ಲೊನಾಜೆಪಾಂ ತರದ ನಿದ್ದೆ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಅವು ಅಂಟಿಕೊಳ್ಳುತ್ತವೆ, ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ. ಖಿನ್ನತೆಯ ಗುಳಿಗೆ ಹಾಗಲ್ಲ. ಇನ್ನೂ ಬೇಕು, ಜಾಸ್ತಿ ಬೇಕು ಅನ್ನಿಸುವುದಿಲ್ಲ. ದೇಹಕ್ಕೆ ಅಭ್ಯಾಸ ಆಗಿರುತ್ತದೆ, ಅದಕ್ಕೇ ನಿಧಾನಕ್ಕೆ ಇಳಿಸಬೇಕು. ಆರಾಮಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಎರಡು ಮೂರು ಸಲ ಮರುಕಳಿಸಿದವರಿಗೆ ಇನ್ನೂ ಜಾಸ್ತಿ.

ನನಗೆ ಒಂಬತ್ತು ತಿಂಗಳಾದ ಮೇಲೆ ಹತ್ತರಿಂದ ಐದು ಮಿಲಿಗ್ರಾಂಗೆ ಇಳಿಸಿದರು. ನ್ಯಾಟ್ರಂ ಮ್ಯೂರ್ ಬಾಟಲಿ ಅದಕ್ಕಿಂತ ಎಷ್ಟೋ ಮುಂಚೆ ಖಾಲಿಯಾಗಿತ್ತು, ಹೊಸದು ತರಲಿಲ್ಲ, ಆದರೆ ಆ ಡಾಕ್ಟರಮ್ಮನ ಹತ್ತಿರ ಹೋಗಿ ಕೂತು ಬರುವುದು ಬಿಡಲಿಲ್ಲ. ಐದಕ್ಕೆ ಬಂದ ಮೂರನೇ ದಿನ ಮತ್ತೆ ಒಂದೆರಡು ಸಲ ತಲೆಯೊಳಗೆ ಜುಮ್ ಅಂದಿತು. ಈ ಸಲ ಮಾವನಿಗೆ ಹೇಳಲಿಲ್ಲ. ಮನೋವೈದ್ಯರಿಗೆ ಫೋನ್ ಮಾಡಿದೆ. ‘ಗಡಿಬಿಡಿ ಏನೈತ್ರಿ, ಇನ್ನೊಂದು ತಿಂಗಳು ಐದರಾಗ ಇರ್ರಿ’ ಅಂದರು. ಕ್ಯಾಲೆಂಡರಿನ ಆ ಚೌಕದಲ್ಲಿ ‘ಜುಮ್, 2’ ಅಂತ ಬರೆದು, ಐದರದೇ ಇನ್ನೊಂದು ಸ್ಟ್ರಿಪ್ ತರಲು ಹೊರಟೆ.